ಗಣಿತಸಾರಸಂಗ್ರಹದಿಂದ ವ್ಯವಹಾರಗಣಿತಕ್ಕೆ: ಶಾಸ್ತ್ರವು ಜನರ ಬಳಿಗೆ ಬಂದ ದಾರಿ

ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವು ೧೯೧೨ರಲ್ಲಿ ಮದರಾಸಿನಿಂದ ಪ್ರೊ. ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ, ಇಂಗ್ಲಿಷ್ ಅನುವಾದ ಸಹಿತವಾಗಿ ಪ್ರಕಟವಾದುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅಲ್ಲಿಯವರೆಗೆ ನಮ್ಮ ಭಂಡಾರಗಳಲ್ಲಿ ಓಲೆಗಳ ಕಟ್ಟಿನೊಳಗೆ ಮಲಗಿದ್ದ ಗ್ರಂಥವು ಆ ಮುದ್ರಣದಿಂದ ಹೊರನಾಡಿನ ಗಣಿತೇತಿಹಾಸಕಾರರ ಕಣ್ಣಿಗೂ ಬಿದ್ದಿತು. ಆದರೆ ರಂಗಾಚಾರ್ಯರು ಬಳಸಿದ ಪ್ರತಿಗಳ ವಿವರವನ್ನು ನಿಂತು ಓದಿದವರು ಕಡಮೆ. ಆ ಪ್ರತಿಗಳಲ್ಲಿ ಕನ್ನಡ ಲಿಪಿಯವು ಇದ್ದುವು. ಒಂದರಲ್ಲಿ ವಲ್ಲಭನೆಂಬುವನ ಕನ್ನಡ ವ್ಯಾಖ್ಯಾನವಿತ್ತು. ಉದಾಹರಣೆಗಳಿಗೆ ಸಂಬಂಧಿಸಿದ ಅಂಕೆಗಳನ್ನೂ ಅವುಗಳ ಉತ್ತರಗಳನ್ನೂ ಚಿಕ್ಕದಾಗಿ ಕನ್ನಡದಲ್ಲಿ ಕೊಟ್ಟಿದ್ದುದೂ ಉಂಟು. ಸಂಸ್ಕೃತದ ಶಾಸ್ತ್ರಗ್ರಂಥವೊಂದರ ಮೈಮೇಲೆ ಈ ಕನ್ನಡ ಏಕೆ ಬಂದು ಕೂತಿತು? ಯಾರಿಗಾಗಿ ಬಂದಿತು? ಪ್ರಕೃತ ಲೇಖನವು ಈ ಪ್ರಶ್ನೆಯಿಂದ ಹೊರಟಿದೆ.

ವಿಜ್ಞಾನವನ್ನು ಸಾಮಾನ್ಯ ಜನರಿಗೆ ಮುಟ್ಟಿಸುವ ಕಾರ್ಯವು ಅಚ್ಚಿನ ಯಂತ್ರದೊಡನೆ, ಶಾಲೆಯ ಪಠ್ಯಪುಸ್ತಕದೊಡನೆ ನಮ್ಮಲ್ಲಿಗೆ ಬಂದ ಹೊಸ ಬಗೆಯೆಂದು ಭಾವಿಸುವವರಿದ್ದಾರೆ. ಹನ್ನೊಂದನೆಯ ಶತಮಾನದಿಂದ ಹದಿನಾಲ್ಕನೆಯ ಶತಮಾನದವರೆಗಿನ ಕನ್ನಡ ಶಾಸ್ತ್ರಗ್ರಂಥಗಳ ಪಟ್ಟಿಯನ್ನು ಒಮ್ಮೆ ನೋಡಿದರೆ ಈ ಭಾವನೆ ನಿಲ್ಲದು. ೧೦೨೫ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವನ್ನು ಬರೆದನು. (ಇವನನ್ನು ಶ್ರವಣಬೆಳ್ಗೊಳದ ಚಾವುಂಡರಾಯನೊಡನೆ ಬೆರೆಸುವ ತಪ್ಪು ಇನ್ನೂ ಅಲ್ಲಲ್ಲಿ ಕಾಣುತ್ತದೆ, ಇಬ್ಬರೂ ಬೇರೆ.) ಜ್ಯೋತಿಷ, ವಾಸ್ತು, ಅಂತರ್ಜಲವನ್ನು ಗುರುತಿಸುವ ಬಗೆ, ವೃಕ್ಷಾಯುರ್ವೇದ, ಅಡುಗೆ, ಪಶುವೈದ್ಯ, ಹೀಗೆ ಸಂಸಾರಿಗೆ ಬೇಕಾದುದನ್ನೆಲ್ಲ ಆ ಗ್ರಂಥ ಒಂದೆಡೆ ಕಲೆಹಾಕಿದೆ. ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ೧೦೪೯ರಲ್ಲಿ ಶ್ರೀಧರಾಚಾರ್ಯರ 'ಜಾತಕತಿಲಕ', ಆ ಬಳಿಕ ಚಾಳುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ', ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಮಳೆಬೆಳೆಯ ಲಕ್ಷಣಗಳನ್ನು ಹೇಳುವ 'ರಟ್ಟಮತ', ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನ ವಿಷವೈದ್ಯಗ್ರಂಥವಾದ 'ಖಗೇಂದ್ರಮಣಿದರ್ಪಣ' ಬಂದುವು. ಸಾಹಿತ್ಯಚರಿತ್ರೆಗಳು ಇವನ್ನು ಕಾವ್ಯವಲ್ಲವೆಂಬ ಕಾರಣದಿಂದ ಒಂದೆರಡು ಪುಟಗಳಲ್ಲಿ ಮುಗಿಸಿವೆ. ಹಾವು ಕಚ್ಚಿದವನ ಮನೆಯವರಿಗೆ ಯಾವುದು ಹೆಚ್ಚು ಬೇಕಾಗಿತ್ತೆಂದು ಆ ಚರಿತ್ರಕಾರರು ಕೇಳಿಕೊಳ್ಳಲಿಲ್ಲ.

ಈ ಗ್ರಂಥಗಳನ್ನು ಬರೆದವರಲ್ಲಿ ಹೆಚ್ಚಿನವರು ಜೈನರು. ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳು ಶ್ರಾವಕನಿಗೆ ವಿಹಿತವಾದವು. ಶಾಸ್ತ್ರದಾನವೆಂದರೆ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದುದೇ ನಮ್ಮೆಲ್ಲರ ನೆನಪಿಗೆ ಬರುವುದು. ಆದರೆ ವೈದ್ಯಗ್ರಂಥವೊಂದನ್ನು ನಾಡನುಡಿಗೆ ತಂದಾಗ ಭೈಷಜ್ಯದಾನವೂ ಶಾಸ್ತ್ರದಾನವೂ ಒಂದೇ ಕ್ರಿಯೆಯಲ್ಲಿ ಕೂಡುತ್ತವೆ. ಗಣಿತದ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಕೊಡುವ ವಸ್ತು ಮದ್ದಲ್ಲ, ಕೌಶಲ. ಅದನ್ನು ಪಡೆದವನು ತಾನೇ ಮಾಡಿ ನೋಡಬೇಕು. ಆದುದರಿಂದ ಜನರಿಗೆ ಶಾಸ್ತ್ರವನ್ನು ಮುಟ್ಟಿಸುವ ಬಗೆಯನ್ನು ಪರೀಕ್ಷಿಸಲು ಗಣಿತದ ಓಲೆಗಳೇ ತಕ್ಕ ಒರೆಗಲ್ಲು.

ಮಹಾವೀರಾಚಾರ್ಯರು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು; ಗ್ರಂಥವು ೮೫೦ರ ಸುಮಾರಿನದು. ಆರಂಭದ ಗಣಿತಪ್ರಶಂಸೆಯಲ್ಲಿ ಅವರು ಲೌಕಿಕ, ವೈದಿಕ, ಸಾಮಾಯಿಕ ವ್ಯವಹಾರಗಳೆಲ್ಲಕ್ಕೂ ಸಂಖ್ಯಾನವು ಉಪಯುಕ್ತವೆಂದು ಹೇಳಿ, ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣಗಳ ಜೊತೆಯಲ್ಲಿಯೇ ಅಡುಗೆಯ ಶಾಸ್ತ್ರವನ್ನೂ ಎಣಿಸುತ್ತಾರೆ. ಅರಮನೆಯ ಆಶ್ರಯದಲ್ಲಿದ್ದ ಆಚಾರ್ಯರೊಬ್ಬರು ಒಲೆಯ ಬಳಿಯ ಅಳತೆಯನ್ನು ಮರೆಯಲಿಲ್ಲವೆಂಬುದು ಗಮನಾರ್ಹ. ಉದಾಹರಣೆಗಳಲ್ಲಿಯೂ ಮಾವು, ದಾಳಿಂಬೆ, ಬೇಲದ ಹಣ್ಣುಗಳು, ದುಂಬಿಗಳ ಹಿಂಡು, ಬಂಗಾರದ ಬಣ್ಣ, ಬಡ್ಡಿ, ದಾರಿಯಲ್ಲಿ ಹಣದ ಚೀಲವನ್ನು ಕಂಡ ಬೇಹಾರಿಗಳು, ಜಿನಾಲಯಕ್ಕೆ ಅರ್ಪಿಸಿದ ಹೂಗಳು ಬರುತ್ತವೆ. ಸೂತ್ರವು ಬರಿಯ ಎಲುಬು. ಓದುಗನು ಕೈಹಿಡಿಯುವುದು ಉದಾಹರಣೆಯನ್ನು.

ಇನ್ನೊಂದು ಗುಣವನ್ನು ಇಲ್ಲಿ ಹೇಳಬೇಕು. ಕ್ಷೇತ್ರಗಣಿತದಲ್ಲಿ ಆಚಾರ್ಯರು ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂದು ಎರಡನ್ನೂ ಬೇರೆಬೇರೆಯಾಗಿ ಕೊಡುತ್ತಾರೆ. ವೃತ್ತದ ಪರಿಧಿಯನ್ನು ತಿಳಿಯಲು ವ್ಯಾಸವನ್ನು ಮೂರರಿಂದ ಗುಣಿಸುವುದು ವ್ಯವಹಾರಕ್ಕೆ. ಹತ್ತರ ವರ್ಗಮೂಲದಿಂದ ಗುಣಿಸುವುದು ಸೂಕ್ಷ್ಮಕ್ಕೆ. ೨೦ ಮೊಳ ವ್ಯಾಸದ ಕಣಕ್ಕೆ ಮೊದಲ ಲೆಕ್ಕದಿಂದ ೬೦ ಮೊಳ, ಎರಡನೆಯದರಿಂದ ಸುಮಾರು ೬೩.೨೫ ಮೊಳ ಪರಿಧಿ ಬರುತ್ತದೆ. ಇಂದಿನ ಲೆಕ್ಕಕ್ಕೆ ಅದು ೬೨.೮೩. ಆಚಾರ್ಯರ ಸೂಕ್ಷ್ಮವೂ ಪೂರ್ಣ ಸೂಕ್ಷ್ಮವಾಗಿರಲಿಲ್ಲವೆಂಬುದು ನಿಜ. ಶೂನ್ಯದಿಂದ ಭಾಗಿಸಿದ ರಾಶಿಯು ಮಾರ್ಪಡದೆ ಉಳಿಯುವುದೆಂದು ಅವರು ಹೇಳಿದುದೂ ಸರಿಯಲ್ಲ. ನಮ್ಮವರೆಂಬ ಅಭಿಮಾನದಿಂದ ಇವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇದು ಒರಟು ಲೆಕ್ಕ, ಇದು ನಯವಾದ ಲೆಕ್ಕ ಎಂದು ಓದುಗನಿಗೆ ಮುಂಚೆಯೇ ತಿಳಿಸಿ, ಎರಡನ್ನೂ ಅವನ ಕೈಗೆ ಕೊಟ್ಟ ಪ್ರಾಮಾಣಿಕತೆಯನ್ನು ಗಮನಿಸಬೇಕು. ಸುಲಭಗೊಳಿಸುವ ನೆವದಲ್ಲಿ ಒರಟನ್ನೇ ನಿಜವೆಂದು ಹೇಳಿಬಿಡುವುದು ಇಂದಿನ ಎಷ್ಟೋ ಜನಪ್ರಿಯ ಬರಹಗಳಲ್ಲಿ ಕಾಣುವ ದೋಷ.

ಇಷ್ಟಾದರೂ ಅಂಗಡಿಯ ಸೆಟ್ಟಿಗೆ ಈ ಗ್ರಂಥವು ನೇರವಾಗಿ ದಕ್ಕುವಂತಿರಲಿಲ್ಲ. ಭಾಷೆಯ ತೊಡಕು ಒಂದು. ಅದಕ್ಕಿಂತ ದೊಡ್ಡವು ಎರಡಿದ್ದುವು. ಮೊದಲನೆಯದು ಭೂತಸಂಖ್ಯೆ. ಛಂದಸ್ಸಿನ ಅನುಕೂಲಕ್ಕಾಗಿ ಅಂಕೆಗಳನ್ನು ವಸ್ತುಗಳ ಹೆಸರಿನಿಂದ ಹೇಳುವ ಪದ್ಧತಿಯನ್ನು ಆಚಾರ್ಯರೂ ಅನುಸರಿಸಿದ್ದಾರೆ. ಅದರಲ್ಲಿಯೂ ಜೈನ ಪರಿಭಾಷೆ ಸೇರಿದೆ. ರತ್ನವೆಂದರೆ ಮೂರು, ತತ್ತ್ವವೆಂದರೆ ಏಳು, ಪದಾರ್ಥವೆಂದರೆ ಒಂಬತ್ತು. ರತ್ನತ್ರಯ, ಸಪ್ತತತ್ತ್ವ, ನವಪದಾರ್ಥಗಳನ್ನು ಬಲ್ಲವನಿಗೆ ಇದು ಸಹಜ. ತತ್ತ್ವಗಳು ಇಪ್ಪತ್ತೈದೆಂದು ಕಲಿತ ಓದುಗನು ಅದೇ ಪದದಿಂದ ಬೇರೆ ಸಂಖ್ಯೆಯನ್ನು ಪಡೆದು, ಲೆಕ್ಕ ಕೂಡದೆ, ಗ್ರಂಥವೇ ತಪ್ಪೆಂದು ಬದಿಗಿಡಬಹುದಾಗಿತ್ತು. ಎರಡನೆಯದು ಮಾನಗಳು. ಸಂಜ್ಞಾಧಿಕಾರದಲ್ಲಿ ಪರಮಾಣುವಿನಿಂದ ಹಿಡಿದು ಅಂಗುಲ, ದಂಡ, ಕ್ರೋಶ, ಯೋಜನಗಳವರೆಗೆ, ಸಮಯ, ಆವಲಿಗಳಿಂದ ಮೇಲಕ್ಕೆ, ಷೋಡಶಿಕೆ, ಕುಡವ, ಪ್ರಸ್ಥ, ಆಢಕ, ದ್ರೋಣ ಎಂದು ಧಾನ್ಯದ ಅಳತೆಗಳು ಬರುತ್ತವೆ. ಕರಣಾನುಯೋಗವನ್ನು ಓದುವವನಿಗೆ ಇವುಗಳಲ್ಲಿ ಕೆಲವು ಅನಿವಾರ್ಯ. ಆದರೆ ಕನ್ನಡ ನಾಡಿನ ಕಣದಲ್ಲಿ ಬತ್ತವನ್ನು ಅಳೆದುದು ಕೊಳಗ, ಬಳ್ಳ, ಮಾನಗಳಿಂದ. ಹೊಲವನ್ನು ಮತ್ತರು, ಕಮ್ಮಗಳಿಂದ. ಹಣವನ್ನು ಎಣಿಸಿದುದು ಗದ್ಯಾಣ, ಪಣ, ಹಾಗ, ವೀಸಗಳಿಂದ. ನಮ್ಮ ಶಾಸನಗಳು ಇದಕ್ಕೆ ಸಾಕ್ಷಿ. ಭೂಮಿಯನ್ನಳೆಯುವ ಗಳೆಯ ಉದ್ದವನ್ನು ದೇಗುಲದ ಗೋಡೆಯಲ್ಲಿಯೋ ಅಧಿಷ್ಠಾನದಲ್ಲಿಯೋ ಕೊರೆದು, ಯಾರು ಬೇಕಾದರೂ ಬಂದು ತಾಳೆ ನೋಡುವಂತೆ ಇರಿಸುತ್ತಿದ್ದುದೂ ಉಂಟು. ಅಳತೆಯ ಜ್ಞಾನವನ್ನು ಸಾರ್ವಜನಿಕವಾಗಿ ಪ್ರಕಟಿಸಿದ ಮೊದಲ ಪುಟ ಆ ಕಲ್ಲೇ ಎನ್ನಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ತೋರಿಸುವುದು ಉಚಿತ. ಇದು ಗ್ರಂಥದ್ದಲ್ಲ, ನಾನೇ ಹೂಡಿದುದು. ಮೂರು ಗದ್ಯಾಣಕ್ಕೆ ಐದು ಖಂಡುಗ ಬತ್ತವಾದರೆ ಏಳು ಗದ್ಯಾಣಕ್ಕೆಷ್ಟು? ತ್ರೈರಾಶಿಕದ ಸೂತ್ರವು ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸೆಂದು ಹೇಳಿ ಮುಗಿಯುತ್ತದೆ. ಐದನ್ನು ಏಳರಿಂದ ಗುಣಿಸಿದರೆ ೩೫. ಮೂರರಿಂದ ಭಾಗಿಸಿದರೆ ೧೧ ಖಂಡುಗ, ಮೇಲೆ ಮೂರರಲ್ಲಿ ಎರಡು ಪಾಲು. ಪಂಡಿತನಿಗೆ ಲೆಕ್ಕ ಇಲ್ಲಿಗೆ ಮುಗಿಯಿತು. ಬತ್ತ ಕೊಳ್ಳಲು ಬಂದವನಿಗೆ ಇಲ್ಲಿಂದಲೇ ಆರಂಭ, ಏಕೆಂದರೆ ಖಂಡುಗದ ಮೂರರಲ್ಲಿ ಎರಡು ಪಾಲನ್ನು ಅಳೆಯುವ ಪಾತ್ರೆ ಯಾರ ಮನೆಯಲ್ಲಿಯೂ ಇಲ್ಲ. ಖಂಡುಗಕ್ಕೆ ೨೦ ಕೊಳಗವೆಂದು ಹಿಡಿದರೆ ಅದು ೧೩ ಕೊಳಗ, ಮೇಲೆ ಮೂರರಲ್ಲಿ ಒಂದು ಪಾಲು. ಕೊಳಗಕ್ಕೆ ನಾಲ್ಕು ಬಳ್ಳವೆಂದರೆ ಆ ಪಾಲು ಒಂದು ಬಳ್ಳ, ಮತ್ತೆ ಮೂರರಲ್ಲಿ ಒಂದು. ಬಳ್ಳಕ್ಕೆ ಎರಡು ಮಾನವೆಂದರೆ ಉಳಿದುದು ಒಂದು ಮಾನಕ್ಕೂ ಕಡಮೆ. ಹನ್ನೊಂದು ಖಂಡುಗ, ಹದಿಮೂರು ಕೊಳಗ, ಒಂದು ಬಳ್ಳ, ಮೇಲೆ ಒಂದಿಷ್ಟು. ಹೀಗೆ ಇಳಿಸಿ ಹೇಳಿದಾಗಲೇ ಕಣದಲ್ಲಿ ನಿಂತವನಿಗೆ ಶಾಸ್ತ್ರವು ಮುಟ್ಟಿದಂತೆ. ಇದಲ್ಲದೆ ಕೊಳಗವೆಂಬ ಹೆಸರು ಎಲ್ಲೆಡೆ ಒಂದೇ ಆದರೂ ಅಳತೆ ಊರಿಂದೂರಿಗೆ ಬೇರೆಯಾಗಿರುತ್ತಿತ್ತು.

ಹನ್ನೆರಡನೆಯ ಶತಮಾನದ ರಾಜಾದಿತ್ಯನು ನಿಂತುದು ಈ ಎಡೆಯಲ್ಲಿ. ಶುಭಚಂದ್ರದೇವರ ಶಿಷ್ಯನಾದ ಈ ಜೈನ ಕವಿ ಕನ್ನಡದಲ್ಲಿ ಗಣಿತಶಾಸ್ತ್ರವನ್ನು ಬರೆದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾಗಿದ್ದಾನೆ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ವ್ಯವಹಾರರತ್ನ', 'ಲೀಲಾವತಿ', 'ಚಿತ್ರಹಸುಗೆ', 'ಜೈನಗಣಿತಸೂತ್ರಟೀಕೋದಾಹರಣ' ಎಂಬ ಹೆಸರುಗಳನ್ನೇ ಪರಿಶೀಲಿಸಿರಿ. ಹಸುಗೆಯೆಂದರೆ ಹಂಚಿಕೆ, ಪಾಲು. ಅದು ಅಣ್ಣತಮ್ಮಂದಿರ ಮನೆಯ ಮಾತು, ಶಾಸ್ತ್ರಪರಿಭಾಷೆಯಲ್ಲ. ಕೊನೆಯ ಹೆಸರಂತೂ ಗ್ರಂಥರಚನೆಯ ಕ್ರಮವನ್ನೇ ಹೇಳಿಬಿಡುತ್ತದೆ: ಸೂತ್ರ, ಟೀಕೆ, ಉದಾಹರಣ. 'ವ್ಯವಹಾರಗಣಿತ'ದಲ್ಲಿಯೂ ಇದೇ ಕ್ರಮ. ಸೂತ್ರವು ಪದ್ಯದಲ್ಲಿ ಬರುತ್ತದೆ, ಬಾಯಿಪಾಠಕ್ಕೆ. ಬಳಿಕ ಅದರ ಬಿಡಿಸಿದ ಅರ್ಥ ಗದ್ಯದಲ್ಲಿ, ತಿಳಿವಿಗೆ. ಆಮೇಲೆ ಲೆಕ್ಕ, ಕೈಯ ಅಭ್ಯಾಸಕ್ಕೆ. ತ್ರೈರಾಶಿ, ಪಂಚರಾಶಿ, ಸಪ್ತರಾಶಿಗಳನ್ನು ಸಹಜವೆಂದೂ ವ್ಯಸ್ತವೆಂದೂ ಬೇರ್ಪಡಿಸಿದ್ದಾನೆ. ಹಣ ಹೆಚ್ಚಿದರೆ ಬತ್ತ ಹೆಚ್ಚುವುದು ಸಹಜ. ಆಳು ಹೆಚ್ಚಿದರೆ ದಿನ ಕಡಮೆಯಾಗುವುದು ವ್ಯಸ್ತ. ಹೊಸಬನು ಎಡವುವ ಸ್ಥಳ ಇದೇ ಎಂಬುದನ್ನು ಪಾಠ ಹೇಳಿದವನು ಮಾತ್ರ ಬಲ್ಲನು.

ನೆರೆಯ ಆಂಧ್ರದಲ್ಲಿಯೂ ಇಂಥದೇ ಕಾರ್ಯ ನಡೆಯಿತು. ಪಾವುಲೂರಿ ಮಲ್ಲನನು ಮಹಾವೀರಾಚಾರ್ಯರ ಗ್ರಂಥವನ್ನೇ ತೆಲುಗಿಗೆ ತಂದನು. ಅವನು ಶೈವ. ಮೂಲದಲ್ಲಿ ಜಿನನಿದ್ದೆಡೆ ಶಿವನನ್ನು ತಂದನೆಂದು ನಮ್ಮ ಕೆಲವು ಪಂಡಿತರು ಅಸಮಾಧಾನಪಡುವುದುಂಟು. ನನಗೆ ಹಾಗೆ ತೋರುವುದಿಲ್ಲ. ಓದುಗನು ನಿತ್ಯ ಹೋಗುವ ಗುಡಿಯ ಹೂವನ್ನೇ ಎಣಿಸಲೆಂದು ಅವನು ಉದಾಹರಣೆಯನ್ನು ಬದಲಿಸಿದನು; ಲೆಕ್ಕ ಬದಲಾಗಲಿಲ್ಲ. ವಲ್ಲಭನೂ ತೆಲುಗಿನಲ್ಲಿ ಇನ್ನೊಂದು ವ್ಯಾಖ್ಯಾನವನ್ನು ಬರೆದುದಾಗಿ ಹೇಳಿಕೊಂಡಿದ್ದಾನೆ. ಒಂದು ಸಂಸ್ಕೃತ ಗ್ರಂಥವು ಎರಡು ನಾಡುಗಳ ಜನರಿಗೆ ಹೀಗೆ ಬೇರೆಬೇರೆ ಬಾಗಿಲುಗಳಿಂದ ತೆರೆಯಿತು.

ಇದಕ್ಕೆ ಪ್ರತಿಯಾದ ಚಿತ್ರವೊಂದನ್ನು ನಾವು ಮರೆಯುವಂತಿಲ್ಲ. ೮೧೬ರಲ್ಲಿ ವೀರಸೇನಾಚಾರ್ಯರು ಮುಗಿಸಿದ ಧವಲಾಟೀಕೆಯಲ್ಲಿ ಅರ್ಧಚ್ಛೇದವೇ ಮೊದಲಾದ ಅತ್ಯುನ್ನತ ಗಣಿತವಿದೆ. ಒಂದು ರಾಶಿಯನ್ನು ಎಷ್ಟು ಸಾರಿ ಅರ್ಧಿಸಬಹುದೆಂಬ ಆ ಎಣಿಕೆಯನ್ನು ಇಂದಿನ ಗಣಿತಜ್ಞರು ಲಾಗರಿತಮ್ಮಿನ ವಿಚಾರಕ್ಕೆ ಹೋಲಿಸುತ್ತಾರೆ. ಆ ಓಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಸಿಕ್ಕುತ್ತಿದ್ದುವು. ಮೊದಲ ಸಂಪುಟವು ಅಚ್ಚಾದುದು ೧೯೩೯ರಲ್ಲಿ. ರಕ್ಷಿಸಿದವರಿಗೆ ನಾವು ಋಣಿಗಳು. ಅವರಿಲ್ಲದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಆದರೆ ಪೂಜೆಗೊಂಡ ಗಣಿತವು ಸಾವಿರ ವರ್ಷ ಯಾರ ಕೈಯಲ್ಲಿಯೂ ಬೆಳೆಯಲಿಲ್ಲ. ಪೇಟೆಗೆ ಇಳಿದ ಗಣಿತವು ಮಾಸಿತು, ತಪ್ಪಿತು, ತಿದ್ದಿಕೊಂಡಿತು, ನಡೆಯಿತು.

ತಿದ್ದಿಕೊಳ್ಳುವ ಬಗೆಯಲ್ಲಿ ಆಚಾರ್ಯರ ಜಾಣ್ಮೆಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಗುಣಾಕಾರದ ಉದಾಹರಣೆಗಳಲ್ಲಿ ಅವರು ಕೊರಳ ಹಾರಕ್ಕೆ ಹೋಲಿಸುವ ಕೆಲವು ಲಬ್ಧಗಳಿವೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧. ೧೪೨೮೫೭೧೪೩ನ್ನು ೭ರಿಂದ ಗುಣಿಸಿದರೆ ೧೦೦೦೦೦೦೦೦೧. ಇವು ವಿನೋದಕ್ಕೆಂದೇ ಬಹುಮಂದಿ ಬರೆದಿದ್ದಾರೆ. ನನ್ನ ಮಟ್ಟಿಗೆ ಇವುಗಳ ಬೆಲೆ ಬೇರೆ. ಗುರು ಎದುರಿಗಿಲ್ಲದೆ ಲೆಕ್ಕ ಮಾಡುವವನಿಗೆ ತನ್ನ ಉತ್ತರ ಸರಿಯೆಂದು ಹೇಳುವವರಾರು? ಹಾರವೇ ಹೇಳುತ್ತದೆ. ಒಂದಂಕೆ ತಪ್ಪಿದರೆ ಎಡಬಲಗಳು ಹೊಂದುವುದಿಲ್ಲ. ಪ್ರತಿಕಾರನ ಕಂಠ ಜಾರಿದಾಗಲೂ ಹಾಗೆಯೇ. ಸವೆದ ಗರಿಯಲ್ಲಿ ೬ ಮತ್ತು ೯ ಒಂದಕ್ಕೊಂದು ಬೆರೆತು ಹೋದಾಗ ನಾವು ವ್ಯಾಕರಣದಿಂದ ಪಾಠವನ್ನು ನಿರ್ಣಯಿಸಲಾರೆವು, ಲೆಕ್ಕ ಮಾಡಿ ನಿರ್ಣಯಿಸಬಲ್ಲೆವು. ಗಣಿತದ ಓಲೆಯನ್ನು ಸಂಪಾದಿಸುವವನು ಮೊದಲು ಅದರ ವಿದ್ಯಾರ್ಥಿಯಾಗಿ ಕೂತು ಎಲ್ಲ ಲೆಕ್ಕಗಳನ್ನೂ ಮಾಡಬೇಕು. ಇದಕ್ಕೆ ಬೇರೆ ದಾರಿಯಿಲ್ಲ.

ಈ ಮಾತನ್ನು ನಾನು ತಡವಾಗಿ ಕಲಿತೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಶ್ರಾವಕರೊಬ್ಬರ ಮನೆಯಲ್ಲಿ ಗಣಿತಸೂತ್ರಗಳ ಸಂಕಲನವಿದ್ದ ಓಲೆಕಟ್ಟೊಂದು ಸಿಕ್ಕಿತು. ಸೂತ್ರಭಾಗವನ್ನು ಅಕ್ಷರ ಬಿಡದೆ ಪ್ರತಿಮಾಡಿಕೊಂಡೆ. ಕೊನೆಯ ಆರೇಳು ಗರಿಗಳಲ್ಲಿ ಬೇರೊಂದು ಕೈಯ ಬರಹವಿತ್ತು. ಬಸದಿಯ ಕೊಳಗಕ್ಕೂ ಸಂತೆಯ ಕೊಳಗಕ್ಕೂ ಇರುವ ಅಂತರ, ಒಂದನ್ನು ಇನ್ನೊಂದಕ್ಕೆ ತರುವ ಲೆಕ್ಕ, ಪೂಜೆಯ ಅಕ್ಕಿಯನ್ನು ಮನೆಮನೆಗೆ ಹಚ್ಚುವ ಕ್ರಮ, ಕೆಲವು ನ್ಯಾಸಗಳು. ಭಾಷೆ ಗ್ರಾಮ್ಯ, ಕಾಗುಣಿತ ಅಶುದ್ಧ. ಇದು ಗ್ರಂಥಭಾಗವಲ್ಲ, ಯಾರೋ ಶಾನುಭೋಗನ ಲೆಕ್ಕದ ಚೀಟಿ ಎಂದು ತಿಳಿದು ಬಿಟ್ಟುಬಿಟ್ಟೆ. ಮನೆಯ ಹಿರಿಯರಾದ ಅಜ್ಜನವರು, "ಇದನ್ನೂ ಬರ್ಕೊಳ್ಳಿ ಪಂಡಿತ್ರೇ, ನಮ್ಮಪ್ಪ ದಿನಾ ನೋಡ್ತಿದ್ದುದು ಇದನ್ನೇ" ಎಂದರು. ನಾನು ನಕ್ಕು ಸುಮ್ಮನಾದೆ. ಕೆಲವು ವರ್ಷಗಳ ಮೇಲೆ ಅಟ್ಟ ಸೋರಿ ಆ ಕಟ್ಟು ಗೆದ್ದಲಿನ ಪಾಲಾಯಿತು. ನಾನು ಬರೆದುಕೊಂಡ ಸೂತ್ರಗಳು ಬೇರೆ ಮೂರು ಪ್ರತಿಗಳಲ್ಲಿ ಸಿಕ್ಕುತ್ತವೆ. ಬಿಟ್ಟುದು ಎಲ್ಲಿಯೂ ಸಿಕ್ಕುವುದಿಲ್ಲ. ಆ ಎರಡು ಕೊಳಗಗಳ ಅಂತರವೆಷ್ಟೆಂಬುದು ಈಗ ನನ್ನ ನೆನಪಿನಲ್ಲಿಯೂ ಉಳಿದಿಲ್ಲ.

ರಂಗಾಚಾರ್ಯರಿಗೆ ದೊರೆತ ಪ್ರತಿಯಲ್ಲಿ ಕನ್ನಡ ಅಂಕೆಗಳನ್ನು ಬರೆದವನೂ ಇಂಥವನೇ ಇರಬೇಕು. ಶಾಸ್ತ್ರವು ಜನರನ್ನು ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಸಾಕ್ಷಿ ಸೂತ್ರದಲ್ಲಿ ದೊರೆಯದು. ಸೂತ್ರವು ಕರ್ತೃವಿನ ಮಾತು. ಅಂಚಿನ ಅಂಕೆ, ನ್ಯಾಸ, ಸ್ಥಳೀಯ ಮಾನ, ಪ್ರತಿಕಾರನು ಸೇರಿಸಿದ ಲೆಕ್ಕ, ಇವು ಓದುಗನ ಮಾತುಗಳು. ಎಣಿಕೆಯ ನಡುಗೆಲಸವು ಕಡತದ ಮೇಲೆ ಬಳಪದಲ್ಲಿ ನಡೆದು ಅಳಿಸಿಹೋಗುತ್ತಿದ್ದುದರಿಂದ ಓಲೆಗೆ ಏರಿದ ಈ ತುಣುಕುಗಳು ಮತ್ತಷ್ಟು ಅಪೂರ್ವ. ಶುದ್ಧಪಾಠದ ಹಂಬಲದಲ್ಲಿ ನಾವು ಇವನ್ನು ಪ್ರಕ್ಷಿಪ್ತವೆಂದು ಕಿತ್ತುಹಾಕುತ್ತ ಬಂದಿದ್ದೇವೆ. ಪ್ರಕ್ಷಿಪ್ತವೆಂಬುದು ಕರ್ತೃತ್ವದ ವಿಚಾರದಲ್ಲಿ ಸರಿ. ಗ್ರಂಥದ ಬಾಳಿನ ವಿಚಾರದಲ್ಲಿ ಅದೇ ಮುಖ್ಯಪಾಠ.

೨೦೦೦ದಲ್ಲಿ ಹೊಂಬುಜದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ 'ಗಣಿತಸಾರಸಂಗ್ರಹ'ವು ಪ್ರಕಟವಾಗಿರುವುದರಿಂದ ಮೂಲಗ್ರಂಥವು ಇಂದಿನ ಕನ್ನಡಿಗನಿಗೆ ದೂರದ್ದಲ್ಲ. ಉಳಿದಿರುವುದು ಅದರ ಸುತ್ತಲಿನ ಕನ್ನಡ ಟೀಕೆ, ಟಿಪ್ಪಣಿ, ಲೆಕ್ಕಗಳ ಸಂಗ್ರಹ. ಸೂಚೀಪತ್ರಗಳಲ್ಲಿ ಗ್ರಂಥನಾಮ, ಕರ್ತೃ, ಗರಿಗಳ ಸಂಖ್ಯೆಗಳ ಜೊತೆಗೆ ಅನ್ಯಹಸ್ತದ ಬರಹಕ್ಕೂ ಮಾನಗಳ ಹೆಸರುಗಳಿಗೂ ಒಂದೊಂದು ಅಂಕಣವನ್ನು ಸೇರಿಸಬೇಕು. ಮುದ್ರಿಸುವಾಗ ಭೂತಸಂಖ್ಯೆಯನ್ನು ಬಿಡಿಸಿ ಅಂಕೆಯನ್ನು ಕೊಡುವುದರೊಂದಿಗೆ ಮೂಲಪದವನ್ನೂ ಉಳಿಸಬೇಕು; ನ್ಯಾಸವನ್ನು ಓಲೆಯಲ್ಲಿರುವ ಮನೆಗಳೊಡನೆಯೇ ಅಚ್ಚಿಸಬೇಕು. ಈಗ ಊರೂರಿಗೆ ಹೋಗಿ ಓಲೆಗಳ ಛಾಯಾಚಿತ್ರ ತೆಗೆಯುವ ತರುಣರು ಪ್ರಶಸ್ತಿಪದ್ಯ ಬಂದೊಡನೆ ಕಟ್ಟನ್ನು ಮುಚ್ಚದೆ, ಅದರಾಚೆಯ ಗರಿಗಳನ್ನೂ, ಖಾಲಿಯೆಂದು ತೋರುವ ರಕ್ಷಾಪತ್ರಗಳ ಎರಡು ಮಗ್ಗುಲನ್ನೂ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.